ಎಲ್ಕಿಗೆ ಚಕ್ಕುಲಿ ತಿನ್ನಿಸುವ ಪುಣ್ಯವಂತರಿಗೆ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಅಮೆರಿಕದಲ್ಲಿರುವ ನಮ್ಮ ಕನ್ನಡಿಗರ ಪ್ಲಾನು ಹೆಚ್ಚುಕಮ್ಮಿ ಒಂದೇ. ಆಫೀಸಿನಲ್ಲಿ ಯಾರೂ ಇರುವುದಿಲ್ಲ, ಮಕ್ಕಳಿಗೆ ಸ್ಕೂಲ್ ರಜೆ, ಊರಿಗೆ ಹೋಗೋಣವೆಂದರೆ ಟಿಕೆಟ್ಟು ಮುಟ್ಟುವ ಹಾಗಿಲ್ಲ. ಸರಿ, ಲಾಸ್ ವೇಗಸ್ಸಿಗೆ ಹೋಗು, ಬಾಡಿಗೆ ಕಾರು ಹಿಡಿ, ನಾಲ್ಕೂವರೆ ಗಂಟೆ ಓಡಿಸಿ ಗ್ರ್ಯಾಂಡ್ ಕ್ಯಾನಿಯನ್ನಿನ ಸೌತ್ ರಿಮ್ಮಿನಲ್ಲಿ ನಿಲ್ಲು, ಫೋಟೋ ತೆಗೆ, ವಾಪಸ್ಸು. ಜನವರಿ ಮೊದಲ ವಾರದಿಂದ ಪ್ರವಾಸ ಕಥನಗಳು ಶುರು. ಅವುಗಳಲ್ಲಿ ಎರಡು ಮಾತು ಮಾತ್ರ ತಪ್ಪದೆ ಇರುತ್ತವೆ. ಒಂದು, "ಛೇ, ಚಳಿಗಾಲದಲ್ಲಿ ಹೋಗಬಾರದಿತ್ತು, ಪ್ರಾಣಿಗಳೇ ಕಾಣಲಿಲ್ಲ". ಇನ್ನೊಂದು, "ಎಲ್ಕ್ ನಮ್ಮ ಕಾರಿನ ಹತ್ತಿರಾನೇ ಬಂತು, ಮಗಳು ಕೈಯಾರೆ ತಿನ್ನಿಸಿದಳು, ಸೋ ಕ್ಯೂಟ್!"

ಮೊದಲನೆಯದಕ್ಕೆ ನಗು ಬರುತ್ತದೆ. ಎರಡನೆಯದಕ್ಕೆ ಮೈ ಉರಿಯುತ್ತದೆ. ಇವತ್ತು ಎರಡನ್ನೂ ಜಾಡಿಸಬೇಕು ಅಂತಲೇ ಕೂತಿದ್ದೇನೆ. ಓದಿ ಯಾರಿಗಾದರೂ ಚುಚ್ಚಿದರೆ, ಚುಚ್ಚಲಿ ಅಂತಲೇ ಬರೆದದ್ದು ಅಂದುಕೊಳ್ಳಿ :-)

ಮೊದಲು "ಹೋಗಬಾರದಿತ್ತು" ಬಳಗ. ಅರಿಜೋನಾ ಅಂದರೆ ಮರಳುಗಾಡು, ಕಳ್ಳಿಗಿಡ, ಬಿಸಿಲು ಅಂತ ಸಿನಿಮಾ ನೋಡಿ ತೀರ್ಮಾನಿಸಿಕೊಂಡು, ತೆಳ್ಳನೆ ಜಾಕೆಟ್ಟು, ಕಾಲಿಗೆ ಸ್ಯಾಂಡಲ್ ಹಾಕಿಕೊಂಡು ಬರುವವರು ಇವರೇ. ಸ್ವಾಮಿ, ಸೌತ್ ರಿಮ್ ಇರುವುದು ಸುಮಾರು 7,000 ಅಡಿ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯೇ 6,330 ಅಡಿ. ಕರ್ನಾಟಕದ ಅತಿ ಎತ್ತರದ ಜಾಗಕ್ಕಿಂತ ಮೇಲೆ, ಅದೂ ನಮಗಿಂತ ಎಷ್ಟೋ ಉತ್ತರದಲ್ಲಿ, ಜನವರಿಯಲ್ಲಿ ನಿಂತುಕೊಂಡು "ಇಷ್ಟೊಂದು ಚಳಿ ಯಾಕೆ?" ಅಂದರೆ ಯಾರು ಏನು ಹೇಳಬೇಕು? ಸೌತ್ ರಿಮ್ಮಿನಲ್ಲಿ ವರ್ಷಕ್ಕೆ ಸರಾಸರಿ 5 ಅಡಿಯಷ್ಟು ಹಿಮ ಬೀಳುತ್ತದೆ. ಎದುರು ದಡದ ನಾರ್ತ್ ರಿಮ್ ಇನ್ನೂ ಎತ್ತರ, ಅಲ್ಲಿ 12 ಅಡಿಗೆ ಹತ್ತಿರ. ಅದಕ್ಕೇ ಅತ್ತ ಹೋಗುವ ರಸ್ತೆ ಚಳಿಗಾಲದಲ್ಲಿ ವಾಹನಗಳಿಗೆ ಬಂದ್. (ಅಲ್ಲಿದ್ದ ಹಳೇ ಲಾಡ್ಜು 2025ರ ಜುಲೈನ ಕಾಡ್ಗಿಚ್ಚಿನಲ್ಲಿ ಸುಟ್ಟೇ ಹೋಯಿತು, ಅದು ಬೇರೆ ಸಂಕಟ.) ಪ್ರತಿ ವರ್ಷ ಯಾರಾದರೊಬ್ಬರು ಮ್ಯಾಪು ನಂಬಿಕೊಂಡು "ನಾರ್ತ್ ರಿಮ್ಮೂ ಮುಗಿಸಿಬಿಡೋಣ" ಅನ್ನುತ್ತಾರೆ. ಮುಗಿಸುವುದು! ಹೋಂವರ್ಕ್ ಮುಗಿಸಿದ ಹಾಗೆ.

ಇವರು ಕಳೆದುಕೊಂಡದ್ದು ಏನು ಗೊತ್ತಾ? ಬೇಸಿಗೆಯ ಕ್ಯಾನಿಯನ್ ಮಧ್ಯಾಹ್ನ ಹೊತ್ತಿಗೆ ಒಂದೇ ಬಣ್ಣದ ಪೋಸ್ಟರಿನ ಹಾಗಾಗಿಬಿಡುತ್ತದೆ. ಬಿಸಿಲ ಝಳದಲ್ಲಿ ಎಲ್ಲ ಮಾಸಲು. ಹಿಮ ಬಿದ್ದ ಮಾರನೇ ದಿನ ನೋಡಬೇಕು. ಕಡಿದಾದ ಬಂಡೆಗೋಡೆಯ ಮೇಲೆ ಹಿಮ ನಿಲ್ಲುವುದಿಲ್ಲ, ಇಳಿಜಾರಿನ ಮೆಟ್ಟಿಲುಗಳ ಮೇಲೆ ಮಾತ್ರ ನಿಲ್ಲುತ್ತದೆ. ಹಾಗಾಗಿ ಕೆಂಪು ಗೋಡೆ, ಬಿಳಿ ಗೆರೆ, ಮತ್ತೆ ಕೆಂಪು ಗೋಡೆ, ಮತ್ತೆ ಬಿಳಿ ಗೆರೆ. ಕೋಟ್ಯಂತರ ವರ್ಷಗಳ ಪದರಗಳನ್ನು ಯಾರೋ ಸೀಮೆಸುಣ್ಣ ಹಿಡಿದು ಒಂದೊಂದಾಗಿ ಗೆರೆ ಎಳೆದು ತೋರಿಸಿದ ಹಾಗೆ. ಭೂಗೋಳದ ಮೇಷ್ಟ್ರು ಬೇಕಾಗಿಲ್ಲ. ಒಂದು ಮೈಲಿ ಆಳದ ಕಣಿವೆ ಆದ್ದರಿಂದ ಮೇಲೆ ಹಿಮವಾಗಿ ಹೊರಟದ್ದು ಕೆಳಗೆ ಕೊಲರಾಡೋ ನದಿಯ ಹತ್ತಿರ ಮಳೆಯಾಗಿ ಇಳಿಯುತ್ತದೆ. ಇಲ್ಲಿ ನೀವು ಗಡಗಡ ನಡುಗುತ್ತಿರುವಾಗ ಅಲ್ಲಿ ತಳದಲ್ಲಿ ಒಂದು ಸ್ವೆಟರಿನ ಚಳಿ.

ಇನ್ನೊಂದು ಅದೃಷ್ಟದ ಆಟವಿದೆ. ಹಿಮಬಿರುಗಾಳಿ ಹೋದ ಮೇಲೆ ರಾತ್ರಿ ಆಕಾಶ ತಿಳಿಯಾಗಿ, ಗಾಳಿ ನಿಂತರೆ, ತಣ್ಣನೆಯ ಒದ್ದೆ ಗಾಳಿ ಕಣಿವೆಯೊಳಗೆ ಇಳಿದು ಕೂರುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಕ್ಯಾನಿಯನ್ನೇ ಇಲ್ಲ! ಅಂಚಿನವರೆಗೂ ಮೋಡ ತುಂಬಿ, ಹಾಲು ಉಕ್ಕಿ ಬಂದು ಪಾತ್ರೆಯ ಕಂಠದಲ್ಲಿ ನಿಂತ ಹಾಗೆ ಇರುತ್ತದೆ. ಇಂಥ ದಿನ ಬಂದವರು "ದುಡ್ಡು ವೇಸ್ಟು, ಏನೂ ಕಾಣಲಿಲ್ಲ" ಎಂದು ಗೊಣಗಿಕೊಂಡು ಗಿಫ್ಟ್ ಶಾಪಿಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಮೋಡ ಹರಿದು ಒಂದೊಂದೇ ಶಿಖರ ಮೇಲೆದ್ದು ಬರುತ್ತಿದ್ದಾಗ ಅವರ ಕಾರು ವೇಗಸ್ಸಿನ ದಾರಿಯಲ್ಲಿತ್ತು.

ಪ್ರಾಣಿ ಕಾಣಲಿಲ್ಲ ಅನ್ನುವ ದೂರು ಮಾತ್ರ ನಮ್ಮ ಸಫಾರಿ ರೋಗ. ಬಂಡೀಪುರದಿಂದಲೋ ನಾಗರಹೊಳೆಯಿಂದಲೋ ಬಂದವರನ್ನು ನಾವು ಕೇಳುವ ಮೊದಲ ಪ್ರಶ್ನೆ "ಹುಲಿ ಸಿಕ್ತಾ?" ಸಿಗುವುದಕ್ಕೆ ಅದೇನು ಬಸ್ಸಾ? ಅದೇ ಬುದ್ಧಿಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಏಳು ಸಮುದ್ರ ದಾಟಿದ್ದೇವೆ. ಕಾರಿನ ಗಾಜಿನ ಆಚೆ ಪ್ರಾಣಿ ಬಂದು ನಿಂತರೆ ಸಿಕ್ಕಿತು, ಇಲ್ಲದಿದ್ದರೆ ಮೋಸ. ಹಿಮ ಬಿದ್ದ ಕಾಡಿನಲ್ಲಿ ರಾತ್ರಿಯಿಡೀ ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂಬುದು ನೆಲದ ಮೇಲೆ ಬರೆದಿಟ್ಟ ಹಾಗೆ ಇರುತ್ತದೆ. ಪಾಂಡರೋಸಾ ಪೈನ್ ಮರದ ಬುಡದಲ್ಲಿ ಎಳೆ ರೆಂಬೆಗಳ ತುದಿ ಉದುರಿ ಬಿದ್ದಿದ್ದರೆ ಮೇಲೆ ಏಬರ್ಟ್ ಅಳಿಲು ಇದೆ ಅಂತ ಅರ್ಥ. ಕಿವಿಯ ತುದಿಗೆ ಕುಚ್ಚು ಕಟ್ಟಿಕೊಂಡ ಅಳಿಲು. ಚಳಿಗಾಲಕ್ಕೆ ನಿದ್ದೆ ಹೋಗದೆ ಮರದ ಒಳತೊಗಟೆ ಕೆರೆದು ತಿಂದು ದಿನ ನೂಕುತ್ತದೆ. ಇದರ ದಾಯಾದಿ, ಬಿಳಿ ಬಾಲದ ಕೈಬಾಬ್ ಅಳಿಲು, ಆಚೆ ದಡದಲ್ಲಿ ಮಾತ್ರ. ನಡುವೆ ಈ ಕಣಿವೆ. ಇಂಥದ್ದು ನೋಡುವುದಕ್ಕೆ ಐದು ನಿಮಿಷ ತೆಪ್ಪಗೆ ನಿಲ್ಲಬೇಕು ಅಷ್ಟೆ. ಅದೇ ನಮಗೆ ಆಗದ ಕೆಲಸ.

ಈಗ ಎರಡನೇ ಬಳಗಕ್ಕೆ ಬರೋಣ.

ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ. ದೊಡ್ಡ ಗಂಡು 300 ಕಿಲೋ ದಾಟುತ್ತದೆ. ಅದರ ಜೊತೆ ಮ್ಯೂಲ್ ಡೀರ್, ಹೇಸರಗತ್ತೆಯ ಹಾಗೆ ಅಗಲ ಕಿವಿಯ ಜಿಂಕೆ. ಸೌತ್ ರಿಮ್ಮಿನ ವಸತಿಗೃಹಗಳ ಸುತ್ತ ಚಳಿಗಾಲದಲ್ಲೂ ಇವೆರಡೂ ಸುಲಭವಾಗಿ ಕಾಣುತ್ತವೆ. ಅಂದಮೇಲೆ ನಮ್ಮನ್ನು ನೋಡಿ ಪ್ರೀತಿ ಉಕ್ಕಿ ಬಂದವು ಅಂತಲ್ಲ. ಅಲ್ಲಿ ಹಿಮ ತೆಗೆದ ಜಾಗ ಇರುತ್ತದೆ, ಮೇಯಲು ಒಂದಿಷ್ಟು ಪೊದೆ ಇರುತ್ತದೆ, ಜೊತೆಗೆ ನಮ್ಮಂಥವರು ಕಲಿಸಿಕೊಟ್ಟ ಕೆಟ್ಟ ಚಾಳಿಯೂ ಇರುತ್ತದೆ. ನೀರಿನ ಬಾಟಲಿ ತುಂಬಿಸಿಕೊಳ್ಳುವ ನಲ್ಲಿಯನ್ನು ಮೂತಿಯಿಂದ ಒತ್ತಿ ಕುಡಿಯುವುದನ್ನು ಇಲ್ಲಿನ ಎಲ್ಕುಗಳು ಕಲಿತುಬಿಟ್ಟು, ಪಾರ್ಕಿನವರು ಆ ನಲ್ಲಿಗಳನ್ನೇ ಅವುಗಳ ಮೂತಿಗೆ ಬಗ್ಗದ ಹಾಗೆ ಬದಲಾಯಿಸಬೇಕಾಯಿತು.

ಚಳಿಗಾಲದಲ್ಲಿ ಈ ಪ್ರಾಣಿ ಬದುಕುವ ಲೆಕ್ಕ ನಮ್ಮವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಎಚ್-ಒನ್-ಬಿ ವೀಸಾದವನಿಗೆ ಲೇಆಫ್ ಆಯಿತು ಅಂತಿಟ್ಟುಕೊಳ್ಳಿ. ಕೈಯಲ್ಲಿ 60 ದಿನ. ಸಂಬಳ ಇಲ್ಲ, ಬ್ಯಾಂಕಿನಲ್ಲಿ ಇದ್ದಷ್ಟೇ ಗಂಟು. ಬಾಡಿಗೆ, ದಿನಸಿ ಎಲ್ಲ ಅದರಲ್ಲೇ ಎಳೆಯಬೇಕು. ಎಲ್ಕಿನ ಕಥೆಯೂ ಇಷ್ಟೇ, ಆದರೆ 60 ದಿನವಲ್ಲ, ನಾಲ್ಕೈದು ತಿಂಗಳು. ಬೇಸಿಗೆಯಲ್ಲಿ ಮೇದು ಮೈಗೆ ಹತ್ತಿಸಿಕೊಂಡ ಕೊಬ್ಬೇ ಅದರ ಸೇವಿಂಗ್ಸ್. ಗಂಡಾದರೆ ಸೆಪ್ಟೆಂಬರ್-ಅಕ್ಟೋಬರಿನ ಬೆದೆಯ ಕಾಲದಲ್ಲಿ ಮೇವು ಮರೆತು ಕಾದಾಡಿ ಆಗಲೇ ಅರ್ಧ ಗಂಟು ಕರಗಿಸಿಕೊಂಡು ಬಂದಿರುತ್ತದೆ. ಹೆಣ್ಣಾದರೆ ಹೊಟ್ಟೆಯಲ್ಲಿ ಮರಿ. ಒಣ ಕಡ್ಡಿ, ಸವಕಲು ಹುಲ್ಲು ಎಷ್ಟು ತಿಂದರೂ ತೂಕ ಏರುವುದಿಲ್ಲ, ಇಳಿಯುವುದು ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ. ಅದಕ್ಕೇ ಅವು ಚಳಿಗಾಲದಲ್ಲಿ ಓಡಾಟ ಕಡಿಮೆ ಮಾಡಿ, ಬಿಸಿಲು ಬೀಳುವ ಜಾಗ ನೋಡಿ ಸುಮ್ಮನೆ ನಿಲ್ಲುವುದು, ಮಲಗುವುದು. ಸೋಮಾರಿತನವಲ್ಲ, ಉಳಿತಾಯ.

ಅಲ್ಲಿಗೆ ನಮ್ಮ ಸವಾರಿ ಚಿತ್ತೈಸುತ್ತದೆ. ಮಲಗಿದ್ದ ಪ್ರಾಣಿ ಫೋಟೋಗೆ ಚೆನ್ನಾಗಿಲ್ಲವಲ್ಲ! ಶಿಳ್ಳೆ ಹಾಕು, ಚಪ್ಪಾಳೆ ತಟ್ಟು, "ಏಯ್ ಏಯ್" ಅಂತ ಕೂಗು, ಮಗುವನ್ನು ಹತ್ತಿರ ಕಳಿಸು. ಅದು ಗಾಬರಿಯಾಗಿ ಎದ್ದು ಮೊಣಕಾಲುದ್ದದ ಹಿಮದಲ್ಲಿ ಓಡುತ್ತದೆ. ಹಿಮ ಆಳವಾದಷ್ಟೂ ಒಂದೊಂದು ಹೆಜ್ಜೆಗೂ ಖರ್ಚು ಏರುತ್ತದೆ. ನಮಗೆ ಹತ್ತು ಸೆಕೆಂಡಿನ ವಿಡಿಯೋ, ಅದಕ್ಕೆ ಗಂಟಿನಿಂದ ಒಂದು ಹಿಡಿ ಹೋಯಿತು. ನೀವು ಹೋದ ಮೇಲೆ ಇನ್ನೊಂದು ಕಾರು ಬರುತ್ತದೆ. ಆಮೇಲೆ ಮತ್ತೊಂದು. ಅದು ಸಾಯುವುದು ನಿಮ್ಮ ಕ್ಯಾಮೆರಾದ ಮುಂದಲ್ಲ ಕಣ್ರೀ. ಮಾರ್ಚಿನಲ್ಲಿ, ಹಸಿರು ಚಿಗುರಲು ಇನ್ನು ಮೂರು ವಾರ ಇದೆ ಅನ್ನುವಾಗ, ಯಾವುದೋ ಜೂನಿಪರ್ ಪೊದೆಯ ಹಿಂದೆ. ಆಗ ನೀವು ಯುಗಾದಿಗೆ ಹೋಳಿಗೆಯ ಫೋಟೋ ಹಾಕುತ್ತಿರುತ್ತೀರಿ.

ಓಡಿಸುವವರಿಗಿಂತ ತಿನ್ನಿಸುವವರ ಮೇಲೆ ನನಗೆ ಸಿಟ್ಟು ಜಾಸ್ತಿ. ಯಾಕೆಂದರೆ ಓಡಿಸಿದವನಿಗೆ ತಾನು ತುಂಟತನ ಮಾಡುತ್ತಿದ್ದೇನೆ ಅಂತಾದರೂ ಗೊತ್ತಿರುತ್ತದೆ. ತಿನ್ನಿಸುವವರು ಪುಣ್ಯ ಕಟ್ಟಿಕೊಳ್ಳುತ್ತಿರುತ್ತಾರೆ! ಒಂದು ಸಲ ಪಾರ್ಕಿಂಗ್ ಲಾಟಿನಲ್ಲಿ ಅಚ್ಚ ಕನ್ನಡ ಕಿವಿಗೆ ಬಿತ್ತು ಅಂತ ಖುಷಿಯಿಂದ ತಿರುಗಿದರೆ, ಯಜಮಾನರೊಬ್ಬರು ಡಬ್ಬಿಯಿಂದ ಚಕ್ಕುಲಿ ತೆಗೆದು ಹೆಣ್ಣು ಎಲ್ಕಿನ ಮೂತಿಗೆ ಹಿಡಿದಿದ್ದಾರೆ. ಪಕ್ಕದಲ್ಲೇ ಬೋರ್ಡಿದೆ, ಚಿತ್ರ ಸಮೇತ. "ಸಾರ್, ಹಾಕಬೇಡಿ, ಅದಕ್ಕೆ ತೊಂದ್ರೆ ಆಗುತ್ತೆ, ದಂಡಾನೂ ಹಾಕ್ತಾರೆ" ಅಂದೆ. "ಇರ್ಲಿ ಬಿಡಿ, ಪಾಪ ಚಳೀಲಿ ಹಸಿದಿದೆ. ಮೂಕಪ್ರಾಣಿ. ಮನೇಲಿ ಮಾಡಿದ್ದು, ಕೆಮಿಕಲ್ ಏನಿಲ್ಲ" ಅಂದರು. ಅವರ ಮನೆಯವರು ನನ್ನನ್ನು ಕಟುಕನ ಹಾಗೆ ನೋಡಿದರು.

ಈ "ಪಾಪ ಹಸಿದಿದೆ" ಅನ್ನುವ ಮಾತಿಗೆ ಉತ್ತರ ಅಮೆರಿಕದ ರೇಂಜರ್‌ನಿಂದ ಕಲಿಯಬೇಕಿಲ್ಲ. ನಮ್ಮ ಹಳ್ಳಿಯ ಅಜ್ಜಿಯರಿಗೇ ಗೊತ್ತಿತ್ತು. ಮದುವೆ ಮನೆಯ ಮಿಕ್ಕ ಅನ್ನ ರಾಶಿ ಹಾಕಿದ ಕಡೆಗೆ ಹಸು ಹೋಗದ ಹಾಗೆ ಯಾಕೆ ಕಾಯುತ್ತಿದ್ದರು? ಅನ್ನ ಹೊಟ್ಟೆ ತುಂಬ ತಿಂದ ಹಸು ಹೊಟ್ಟೆ ಉಬ್ಬರಿಸಿಕೊಂಡು ಬಿದ್ದುಹೋಗುತ್ತದೆ, ಎಷ್ಟೋ ಸಲ ಡಾಕ್ಟರು ಬರುವುದರೊಳಗೆ ಸತ್ತೇ ಹೋಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಾಣುಗಳ ಒಂದು ಊರೇ ಇರುತ್ತದೆ. ಪ್ರಾಣಿ ಏನು ಮೇಯುತ್ತದೋ ಅದಕ್ಕೆ ಒಗ್ಗಿದ ಊರು. ಏಕಾಏಕಿ ಹಿಟ್ಟು, ಜೋಳ, ಬ್ರೆಡ್ಡು ಜಾಸ್ತಿ ಬಿದ್ದರೆ ಹುಳಿ ಎದ್ದು, ಆಮ್ಲ ರಕ್ತಕ್ಕೆ ಸೇರುತ್ತದೆ. ಎಲ್ಕೂ ಮೆಲುಕು ಹಾಕುವ ಪ್ರಾಣಿಯೇ, ಜಿಂಕೆಯೂ ಅಷ್ಟೇ. ಚಳಿಗಾಲದಲ್ಲಿ ಅವುಗಳ ಹೊಟ್ಟೆ ಕಡ್ಡಿ-ತೊಗಟೆಗೆ ಒಗ್ಗಿರುತ್ತದೆ. ಹೊಟ್ಟೆ ತುಂಬ ಜೋಳ ಸಿಕ್ಕ ಜಿಂಕೆ ಚಳಿಗಾಲದ ನಡುವೆ ತುಂಬಿದ ಹೊಟ್ಟೆಯಲ್ಲೇ ಸಾಯುವುದುಂಟು. ಮನೆಯಲ್ಲಿ ಮಾಡಿದ ಚಕ್ಕುಲಿಯಾದರೇನು, ಅಂಗಡಿಯ ಚಿಪ್ಸಾದರೇನು?

"ಒಂದು ಚಕ್ಕುಲಿಗೆ ಏನಾಗುತ್ತೆ?" ಅನ್ನುತ್ತೀರಿ. ಒಂದಕ್ಕೆ ಏನೂ ಆಗುವುದಿಲ್ಲ, ಒಪ್ಪಿದೆ. ಆದರೆ ಗ್ರ್ಯಾಂಡ್ ಕ್ಯಾನಿಯನ್ನಿಗೆ ವರ್ಷಕ್ಕೆ ಸಾಮಾನ್ಯವಾಗಿ 40 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ನಿಮ್ಮದು ಒಂದು ಅಂತ ನಿಮಗೆ ಗೊತ್ತು, ಎಲ್ಕಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಾಗುವುದು ಇಷ್ಟೇ: ಕಾರು ಅಂದರೆ ತಿಂಡಿ. ಮುಂದಿನ ಕಾರಿಗೆ ಅಡ್ಡ ಬರುತ್ತದೆ. ತಿಂಡಿ ಕೊಡದವನ ಮೇಲೆ ಏರಿ ಹೋಗುತ್ತದೆ. ಆಗ ಅದು "ಅಪಾಯಕಾರಿ ಪ್ರಾಣಿ".

1995ರಲ್ಲಿ ನಡೆದದ್ದನ್ನು ಓದಿ ನನಗೆ ಅನ್ನ ಸೇರಿರಲಿಲ್ಲ. ಕಣಿವೆಯ ತಳದಲ್ಲಿ ಫ್ಯಾಂಟಮ್ ರ‍್ಯಾಂಚ್ ಅಂತ ಜಾಗವಿದೆ, ನಡೆದುಕೊಂಡೋ ಹೇಸರಗತ್ತೆಯ ಮೇಲೋ ಇಳಿದು ಹೋದವರು ಉಳಿದುಕೊಳ್ಳುವ ಜಾಗ. ಅಲ್ಲಿನ ಮ್ಯೂಲ್ ಡೀರ್‌ಗಳಿಗೆ ಬಂದವರೆಲ್ಲ ಕುರುಕಲು ಹಾಕಿ ಹಾಕಿ, ಅವು ಅದನ್ನೇ ನೆಚ್ಚಿಕೊಂಡು, ಸಿಕ್ಕ ಚೀಲಕ್ಕೆಲ್ಲ ಬಾಯಿ ಹಾಕಿ ಪ್ಲಾಸ್ಟಿಕ್ ಕವರುಗಳನ್ನೂ ನುಂಗತೊಡಗಿದವು. ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕಿನ ಗಂಟು, ಹೊರಗೆ ಎಲುಬು-ಚರ್ಮ. ಕೊನೆಗೆ ಪಾರ್ಕಿನ ರೇಂಜರುಗಳೇ ಎರಡು ಡಜನ್‌ಗೂ ಹೆಚ್ಚು ಜಿಂಕೆಗಳನ್ನು ಗುಂಡು ಹಾರಿಸಿ ಕೊಲ್ಲಬೇಕಾಯಿತು. ಗುಂಡು ಹಾರಿಸಿದ್ದು ರೇಂಜರು. ಕೊಂದದ್ದು "ಪಾಪ ಹಸಿದಿದೆ" ಅಂದ ಕೈಗಳು.

ಅಲ್ಲಿಗೂ ಒಬ್ಬರು ವಾದಕ್ಕೆ ನಿಲ್ಲುತ್ತಾರೆ. "ಅಲ್ಲಾರೀ, ಇದೇ ಅಮೆರಿಕದವರು ಪಾರ್ಕಿನ ಗಡಿ ದಾಟಿದ ಕೂಡಲೇ ಲೈಸೆನ್ಸು ತಗೊಂಡು ಎಲ್ಕ್ ಹೊಡೀತಾರೆ, ತಿಂತಾರೆ. ನಾವು ಒಂದು ಚಕ್ಕುಲಿ ಹಾಕಿದ್ರೆ ಉಪದೇಶವಾ?" ಈ ಮಾತಿನಲ್ಲಿ ಸತ್ಯವಿದೆ. ಪಾರ್ಕಿಗೆ ತಾಗಿಕೊಂಡಿರುವ ಕೈಬಾಬ್ ರಾಷ್ಟ್ರೀಯ ಅರಣ್ಯದಲ್ಲಿ ಬೇಟೆ ಕಾನೂನುಬದ್ಧ. ಅಷ್ಟೇ ಅಲ್ಲ, ಆ ಬೇಟೆಯ ಸೀಸದ ಗುಂಡಿನ ಚೂರು ಉಳಿದ ಮಾಂಸ ತಿಂದು ಇಲ್ಲಿನ ಕಾಂಡಾರ್ ರಣಹದ್ದುಗಳು ಸಾಯುತ್ತವೆ. 1982ರಲ್ಲಿ ಪ್ರಪಂಚದಲ್ಲೇ 22 ಉಳಿದಿದ್ದ ಹಕ್ಕಿ ಅದು. ಹಿಡಿದು ಸಾಕಿ ಮರಿ ಮಾಡಿಸಿ, 1996ರ ಡಿಸೆಂಬರಿನಲ್ಲಿ ಹತ್ತಿರದ ವರ್ಮಿಲಿಯನ್ ಕ್ಲಿಫ್ಸ್‌ನಿಂದ ಮತ್ತೆ ಹಾರಿಬಿಟ್ಟದ್ದು. ಅಮೆರಿಕದವರ ತಪ್ಪಿನ ಪಟ್ಟಿ ಬೇಕಾದರೆ ನಾನೇ ಬರೆದುಕೊಡುತ್ತೇನೆ. ಆದರೆ ಅವರು ಬಂದೂಕು ಹಿಡಿದಿದ್ದಾರೆ ಅನ್ನುವುದು ನಮ್ಮ ಚಕ್ಕುಲಿಗೆ ಯಾವ ಲಾಜಿಕ್ಕಿನಲ್ಲಿ ಲೈಸೆನ್ಸ್ ಆಗುತ್ತದೆ?

ಅಷ್ಟಕ್ಕೂ ಪುಣ್ಯದ ಹುಚ್ಚು ನಮಗೊಬ್ಬರಿಗೇ ಇರುವುದಲ್ಲ. ಇದೇ ಕ್ಯಾನಿಯನ್ನಿನ ಉತ್ತರ ದಡದಲ್ಲಿ ಅವರೂ ಒಂದು ಪುಣ್ಯ ಮಾಡಿ ನೋಡಿದ್ದರು. 1906ರಲ್ಲಿ ಕೈಬಾಬ್ ಪ್ರಸ್ಥಭೂಮಿಯನ್ನು ಜಿಂಕೆಗಳ ರಕ್ಷಣೆಗೆಂದು ಮೀಸಲಿಟ್ಟರು. ಜಿಂಕೆಗೆ ಪಾಪ ಶತ್ರುಗಳು ಯಾಕೆ ಅಂತ ಪ್ಯೂಮಾ, ತೋಳ, ಕಯೋಟಿಗಳನ್ನು ಸರ್ಕಾರಿ ಬೇಟೆಗಾರರನ್ನು ಇಟ್ಟು ಕೊಲ್ಲಿಸಿದರು. ಮೇಯುವ ದನ-ಕುರಿಗಳೂ ಕಡಿಮೆಯಾದವು. ಜಿಂಕೆ ಹೆಚ್ಚಿತು ನೋಡಿ! 1924ರ ಹೊತ್ತಿಗೆ ಎಷ್ಟಿದ್ದವು ಅಂತ ಇವತ್ತಿಗೂ ಜಗಳವಿದೆ, 30 ಸಾವಿರ ಅಂದವರಿದ್ದಾರೆ, ಲಕ್ಷ ಅಂದವರಿದ್ದಾರೆ. ಎಟುಕುವ ಎತ್ತರದ ಎಲೆಯೆಲ್ಲ ಖಾಲಿ. ಚಳಿಗಾಲದಲ್ಲಿ ಹಸಿದು ಗುಂಪುಗುಂಪಾಗಿ ಸತ್ತವು.

ಆಗ ಫ್ಲಾಗ್‌ಸ್ಟಾಫಿನ ಜಾರ್ಜ್ ಮೆಕಾರ್ಮಿಕ್ ಎಂಬಾತ ಒಂದು ಐಡಿಯಾ ಕೊಟ್ಟ. ಸಾವಿರಾರು ಜಿಂಕೆಗಳನ್ನು ದನದ ಹಾಗೆ ಅಟ್ಟಿಕೊಂಡು ಕಣಿವೆಗೆ ಇಳಿಸಿ, ನದಿ ಈಜಿಸಿ, ಸೌತ್ ರಿಮ್ಮಿಗೆ ಹತ್ತಿಸಿಬಿಡೋಣ! 1924ರ ಡಿಸೆಂಬರಿನಲ್ಲಿ ಕುದುರೆ ಸವಾರರು, ಕಾಲ್ನಡಿಗೆಯಲ್ಲಿ ಗಂಟೆ ಬಾರಿಸುವ ನವಾಹೋ ಜನ, ಸಿನಿಮಾ ಕ್ಯಾಮೆರಾ, ಕಾದಂಬರಿಕಾರ ಝೇನ್ ಗ್ರೇ, ಎಲ್ಲ ಸೇರಿದರು. ಹಿಮ ಸುರಿಯಿತು. ಜಿಂಕೆಗಳು ಸಾಲಿನ ಸಂದಿಯಲ್ಲಿ ನುಗ್ಗಿ ಹಿಂದಕ್ಕೆ ಓಡಿದವು. ಆಚೆ ದಡ ಮುಟ್ಟಿದ ಜಿಂಕೆಗಳ ಸಂಖ್ಯೆ ಸೊನ್ನೆ. ಇಷ್ಟು ಜನ, ಇಷ್ಟು ಒಳ್ಳೇ ಮನಸ್ಸು, ಫಲಿತಾಂಶ ಸೊನ್ನೆ. ಈ ಕಥೆ ಓದಿದಾಗೆಲ್ಲ ನನಗೆ ಆ ಚಕ್ಕುಲಿ ಯಜಮಾನರ ಮುಖವೇ ಕಾಣುತ್ತದೆ.

ಎಲ್ಕುಗಳೇನು ಅಲ್ಲಿಯವೇ ಅಲ್ಲ ಅಂತ ತಿಳಿದವರು ಒಬ್ಬರು ಹೇಳಿದರು. ನಿಜ. ಅಲ್ಲಿನ ಮೂಲ ತಳಿ ಬೇಟೆಗೆ ಸಿಕ್ಕಿ ನಿರ್ನಾಮವಾಗಿ, ಈಗಿರುವುದು 1913ರಿಂದ ಎಲೋಸ್ಟೋನ್ ಕಡೆಯಿಂದ ಅರಿಜೋನಾಕ್ಕೆ ತಂದುಬಿಟ್ಟವುಗಳ ಸಂತತಿ. ಹೊರಗಿನಿಂದ ಬಂದವು ಅಂದಮಾತ್ರಕ್ಕೆ ಹೇಗೆ ಬೇಕಾದರೂ ನಡೆಸಿಕೊಳ್ಳಬಹುದು ಅನ್ನುವ ವಾದವನ್ನು ವೀಸಾದ ಮೇಲಿರುವ ನಾವು ಮಾಡುವುದಾ? ಮಾರಾಯ್ರೇ!

ಹಾಗಾದರೆ ಚಳಿಗಾಲದಲ್ಲಿ ಹೋಗಲೇಬಾರದಾ ಅಂತ ಕೇಳಬೇಡಿ. ಖಂಡಿತ ಹೋಗಿ. ಕ್ರಿಸ್‌ಮಸ್ ವಾರದ ಜಾತ್ರೆ ಬಿಟ್ಟು ಜನವರಿಯಲ್ಲೋ ಫೆಬ್ರವರಿಯಲ್ಲೋ ಹೋಗಿ. ಉಳಿದ ಒಂಬತ್ತು ತಿಂಗಳು ಸ್ವಂತ ಕಾರು ಬಿಡದ ಹರ್ಮಿಟ್ ರೋಡು ಡಿಸೆಂಬರಿನಿಂದ ಫೆಬ್ರವರಿವರೆಗೆ ತೆರೆದಿರುತ್ತದೆ, ಹಿಮ ಜಾಸ್ತಿಯಾದ ದಿನ ಬಿಟ್ಟು. ಬ್ರೈಟ್ ಏಂಜಲ್ ದಾರಿಯಲ್ಲಿ ಇಳಿಯುವ ಆಸೆಯಿದ್ದರೆ ಶೂಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಇಲ್ಲದೆ ಇಳಿಯಬೇಡಿ. ಮೇಲಿನ ನೆರಳಿನ ತಿರುವುಗಳಲ್ಲಿ ಹಿಮ ತುಳಿತಕ್ಕೆ ಸಿಕ್ಕಿ ಗಾಜಾಗಿರುತ್ತದೆ. ಎಲ್ಕ್, ಜಿಂಕೆಗಳಿಂದ 100 ಅಡಿ ದೂರ ಇರಬೇಕು ಅನ್ನುವುದು ಪಾರ್ಕಿನ ನಿಯಮ. ಅಳತೆ ಟೇಪು ಬೇಡ. ಕೈ ಪೂರ್ತಿ ಚಾಚಿ, ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ. ಪ್ರಾಣಿ ಪೂರ್ತಿ ಹೆಬ್ಬೆರಳ ಹಿಂದೆ ಮುಚ್ಚಿಹೋದರೆ ಸರಿ, ಕಿವಿ-ಬಾಲ ಆಚೆ ಕಂಡರೆ ನೀವು ಹಿಂದಕ್ಕೆ ಬನ್ನಿ. ಅದು ತಲೆಯೆತ್ತಿ ನಿಮ್ಮನ್ನೇ ನೋಡುತ್ತಿದೆ, ಮೇವು ನಿಲ್ಲಿಸಿದೆ ಅಂದರೂ ಹಿಂದಕ್ಕೆ ಬನ್ನಿ.

ಮಕ್ಕಳು ಹಠ ಮಾಡಿದರೆ ಹೆಜ್ಜೆಗುರುತು ಹುಡುಕುವ ಕೆಲಸ ಕೊಡಿ, ಎರಡು ಗಂಟೆ ನಿಮ್ಮ ತಂಟೆಗೆ ಬರುವುದಿಲ್ಲ. ಮ್ಯೂಲ್ ಡೀರಿನದು ಎರಡು ಹೋಳಿನ ಚಿಕ್ಕ ಹೃದಯದಾಕಾರ. ಎಲ್ಕಿನದು ಅದಕ್ಕಿಂತ ದೊಡ್ಡದು, ದುಂಡಗೆ, ಹೆಚ್ಚುಕಮ್ಮಿ ನಮ್ಮ ಕರುವಿನ ಗೊರಸಿನ ಹಾಗೆ. ಮೊಲದ್ದು ಮಜಾ, ಹಿಂಗಾಲಿನ ಉದ್ದ ಗುರುತು ಮುಂದೆ, ಮುಂಗಾಲಿನ ಚಿಕ್ಕ ಗುರುತು ಹಿಂದೆ, ಯಾಕೆ ಅಂತ ಅವರನ್ನೇ ಕೇಳಿ ನೋಡಿ. ಒಂದೇ ಒಂದು ಅಳಿಲಿನ ಸಾಲು ಮರದಿಂದ ಹೊರಟು ಮರಕ್ಕೇ ವಾಪಸ್ಸಾಗಿರುತ್ತದೆ, ನಡುವೆ ಹಿಮ ಕೆದಕಿದ ಒಂದು ಗುಂಡಿ.